ಹಾಲಿಗಿಂತ ಮೊದಲು ಕಾವು

ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ರಾತ್ರಿ, ಹೊರಗೆ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿದ್ದಾಗ, ನಮ್ಮ ಓಣಿಯ ಬೀದಿನಾಯಿ ಕೆಂಪಿ ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಹಿತ್ತಲಿನ ಮೆಟ್ಟಿಲುಗಳ ಕೆಳಗೆ ಆರು ಮರಿ ಹಾಕಿತು. ಬೆಳಗಿನ ಐದೂವರೆಗೆ ನೀರು ಹಿಡಿಯಲು ಹೋದಾಗ ನೋಡಿದೆ. ಐದು ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಚೀಪುತ್ತಿದ್ದವು. ಆರನೆಯದು ಅವುಗಳ ಅರ್ಧದಷ್ಟಿದ್ದು, ಒಂದು ಗೇಣು ದೂರದಲ್ಲಿ ಒದ್ದೆ ನೆಲದ ಮೇಲೆ ಹಿಂಡಿ ಒಗೆದ ಬಟ್ಟೆಯಂತೆ ಬಿದ್ದಿತ್ತು. ಇಂದಿಗೆ ಅದಕ್ಕೆ ಏಳು ವಾರ ತುಂಬಿದೆ, ನಿನ್ನೆ ಮೊದಲ ಲಸಿಕೆಯೂ ಆಯಿತು. ಈ ಏಳು ವಾರಗಳಲ್ಲಿ ನಾವು ಮಾಡಿದ ತಪ್ಪುಗಳು, ಕಲಿತ ಕೆಲಸ, ಆದ ಖರ್ಚು, ಕಳೆದುಕೊಂಡದ್ದು ಎಲ್ಲವನ್ನೂ ನಡೆದ ಕ್ರಮದಲ್ಲಿ ಬರೆಯುತ್ತಿದ್ದೇನೆ. ಇಂಥ ಮರಿಯನ್ನು ಕೈಯಲ್ಲಿ ಹಿಡಿದು ದಿಕ್ಕು ತೋಚದೆ ನಿಂತವರಿಗೆ ಮೊದಲ ಕೆಲವು ಗಂಟೆಗಳಾದರೂ ವ್ಯರ್ಥವಾಗದಿರಲಿ ಎಂಬುದು ನನ್ನ ಆಸೆ.

ಮೊದಲ ತಪ್ಪು ಮೊದಲ ಅರ್ಧ ಗಂಟೆಯಲ್ಲೇ ಆಯಿತು. ಹಬ್ಬದ ಮನೆ, ಹಾಲೆರೆಯಲೆಂದು ತರಿಸಿದ್ದ ಆಕಳ ಹಾಲು ಒಲೆಯ ಪಕ್ಕದಲ್ಲೇ ಇತ್ತು. ಮರಿ ಸೊರಗಿದೆ, ಆದ್ದರಿಂದ ಹಸಿದಿದೆ, ಆದ್ದರಿಂದ ಹಾಲು ಹಾಕಬೇಕು ಎಂದು ನಾನು ಯೋಚಿಸಿದೆ. ಬಹುಶಃ ಎಲ್ಲರೂ ಹೀಗೆಯೇ ಯೋಚಿಸುತ್ತಾರೆ. ಹಾಲನ್ನು ಬೆಚ್ಚಗೆ ಮಾಡಿ, ಇಂಕ್ ಫಿಲ್ಲರಿನಿಂದ ಅದರ ಬಾಯಿಗೆ ಹತ್ತಿಪ್ಪತ್ತು ಹನಿ ಹಾಕಿದೆ. ಅದು ನುಂಗಲಿಲ್ಲ, ಹಾಲು ಬಾಯಂಚಿನಿಂದ ಹೊರಗೆ ಹರಿಯಿತು. ಕೈಯಲ್ಲಿ ಎತ್ತಿಕೊಂಡಾಗ ಅದರ ಮೈ ನನ್ನ ಅಂಗೈಗಿಂತ ತಣ್ಣಗಿತ್ತು. ಆ ತಣ್ಣನೆಯ ಸ್ಪರ್ಶವೇ ನಿಜವಾದ ಸುದ್ದಿಯಾಗಿತ್ತು, ಅದನ್ನು ಓದಲು ನನಗೆ ಬರಲಿಲ್ಲ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ನೋಡಿ, "ಅದು ಉಳಿಯೂದಿಲ್ಲವಾ. ತಾಯಿನ ದೂರ ತಳ್ಯಾಳಂದ್ರ ನೀ ಯಾಕ ಕೈ ಹಾಕ್ತಿ?" ಎಂದರು. ಅವರ ಮಾತಿನಲ್ಲಿ ಕಠಿಣತೆ ಇರಲಿಲ್ಲ, ಹಳ್ಳಿಯಲ್ಲಿ ದನ, ಕುರಿ, ನಾಯಿ ಎಲ್ಲವನ್ನೂ ಕಂಡ ಅನುಭವವಿತ್ತು. ಆದರೂ ಮರಿಯನ್ನು ಕೆಳಗಿಡಲು ನನಗೆ ಮನಸ್ಸಾಗಲಿಲ್ಲ.

ಹಬ್ಬದ ದಿನವಾದ್ದರಿಂದ ವೈದ್ಯರನ್ನು ಹುಡುಕುವುದೇ ಒಂದು ಕೆಲಸವಾಯಿತು. ಮೊದಲು ಕರೆ ಮಾಡಿದ ಕಡೆ ಯಾರೂ ಎತ್ತಲಿಲ್ಲ. ಎರಡನೆಯ ಕಡೆ, ಇಷ್ಟು ಸಣ್ಣ ಮರಿಯನ್ನು ತರುವುದೇ ಬೇಡ, ದಾರಿಯಲ್ಲೇ ಹೋಗಿಬಿಡುತ್ತದೆ ಎಂದರು. ಮೂರನೆಯ ವೈದ್ಯೆ ತಮ್ಮ ಮನೆಯಲ್ಲೂ ಹಬ್ಬವಿದ್ದರೂ ಹನ್ನೊಂದು ಗಂಟೆಗೆ ಚಿಕಿತ್ಸಾಲಯ ತೆರೆಯುವುದಾಗಿ ಹೇಳಿ, ಅಲ್ಲಿಯವರೆಗೆ ಏನು ಮಾಡಬೇಕೆಂದು ಫೋನಿನಲ್ಲೇ ತಿಳಿಸಿದರು. "ಮೊದಲ ಕಾವು ಕೊಡ್ರಿ ಅಕ್ಕಾರ, ಹಾಲು ಆಮ್ಯಾಲ. ತಣ್ಣಗಿದ್ದ ಮರಿಗೆ ಒಂದು ಹನಿನೂ ಹಾಕಬ್ಯಾಡ್ರಿ." ಈ ಏಳು ವಾರಗಳಲ್ಲಿ ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ.

ಇದರ ಕಾರಣವನ್ನು ಅವರು ಆಮೇಲೆ ಬಿಡಿಸಿ ಹೇಳಿದರು. ಹುಟ್ಟಿದ ಮರಿಗೆ ಮೊದಲ ವಾರದಲ್ಲಿ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿಯ ಹೊಟ್ಟೆ ಮತ್ತು ಒಡಹುಟ್ಟಿದವುಗಳ ಮೈಯೇ ಅದರ ಒಲೆ. ಆ ಗುಂಪಿನಿಂದ ಹೊರಗೆ ಬಿದ್ದ ಮರಿ ತಣ್ಣಗಾಗುತ್ತದೆ, ಹಾಗೆ ತಣ್ಣಗಾದ ಮರಿಯ ಕರುಳು ಚಲಿಸುವುದನ್ನೇ ನಿಲ್ಲಿಸುತ್ತದೆ, ಆಗ ಒಳಗೆ ಹೋದ ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬುತ್ತದೆ ಅಥವಾ ನುಂಗಲಾಗದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿನಾಯಿ ತಣ್ಣನೆಯ ಮರಿಯನ್ನು ಬದಿಗೆ ತಳ್ಳುವುದೂ ಉಂಟಂತೆ. ಕೆಂಪಿ ಅದನ್ನು ಬೇಡವೆಂದು ತಳ್ಳಿದ್ದರಿಂದ ಅದು ತಣ್ಣಗಾಯಿತೋ, ತಣ್ಣಗಾಗಿದ್ದರಿಂದ ಕೆಂಪಿ ತಳ್ಳಿತೋ ಎಂದು ನಾನು ಬಹಳ ಯೋಚಿಸಿದ್ದೇನೆ. ಮೈ ಬೆಚ್ಚಗಾದ ಮೇಲೆ ಅದೇ ಕೆಂಪಿ ಅದೇ ಮರಿಯನ್ನು ನೆಕ್ಕಿ ಹತ್ತಿರ ಎಳೆದುಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೆ ಎರಡನೆಯದೇ ನಿಜವೆಂದು ನಂಬಿದ್ದೇನೆ.

ಚಿಕಿತ್ಸಾಲಯಕ್ಕೆ ಹೋಗುವಾಗ ಮರಿಯನ್ನು ಮೆತ್ತನೆಯ ಧೋತರದ ತುಂಡಿನಲ್ಲಿ ಸುತ್ತಿ, ನನ್ನ ಕುಪ್ಪಸಕ್ಕೆ ಒತ್ತಿಕೊಂಡು ಆಟೋದಲ್ಲಿ ಕುಳಿತಿದ್ದೆ. ಮೈಗೆ ಮೈ ತಾಗಿಸಿ ಕಾವು ಕೊಡುವುದು ಎಲ್ಲಕ್ಕಿಂತ ಸುರಕ್ಷಿತವೆಂದು ಫೋನಿನಲ್ಲೇ ಹೇಳಿದ್ದರು. ಅಲ್ಲಿ ತೂಗಿದಾಗ ಮರಿ 168 ಗ್ರಾಂ ಇತ್ತು, ಮೈಯ ಶಾಖ 93.6 ಡಿಗ್ರಿ ಫ್ಯಾರನ್‌ಹೀಟ್. ಮೊದಲ ವಾರದ ಮರಿಗೆ 95ರಿಂದ 99ರವರೆಗೆ ಇರಬೇಕು. ವೈದ್ಯೆ ಅದರ ಬಾಯಿ ತೆರೆದು ಅಂಗುಳ ಸೀಳಿದೆಯೇ ಎಂದು ಟಾರ್ಚ್ ಹಾಕಿ ನೋಡಿದರು, ಕಿರುಬೆರಳಿನ ತುದಿಯನ್ನು ಬಾಯಿಗೆ ಇಟ್ಟು ಚೀಪುತ್ತದೆಯೇ ಎಂದು ಪರೀಕ್ಷಿಸಿದರು, ಹೊಕ್ಕುಳ ಬಳ್ಳಿಯ ತುದಿಯನ್ನು ನೋಡಿದರು. ಅಂಗುಳ ಸರಿಯಿತ್ತು. ಚೀಪುವ ಶಕ್ತಿ ಇರಲಿಲ್ಲ. ನಂತರ ಒಂದೂವರೆ ಗಂಟೆ ಕಾಯುವುದಷ್ಟೇ ಕೆಲಸ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಎರಡು ಸುತ್ತು ಸುತ್ತಿ, ಅದರ ಪಕ್ಕದಲ್ಲಿ ಮರಿಯನ್ನು ಮಲಗಿಸಿ, ಕಾಲು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತ ಕುಳಿತೆವು. ಅವಸರದಲ್ಲಿ ಒಮ್ಮೆಲೇ ಕಾಯಿಸಿದರೂ ಅಪಾಯ. ಚೀಲ ನೇರವಾಗಿ ತಾಗಿದರೆ ಎಳೆಯ ಚರ್ಮ ಸುಡುತ್ತದೆ, ಮರಿಗೆ ಹೊರಳಿ ದೂರ ಸರಿಯಲೂ ಬರುವುದಿಲ್ಲ.

ಶಾಖ 96 ದಾಟಿದಾಗ ಮರಿ ಮೊದಲ ಬಾರಿ ಸಣ್ಣ ದನಿಯಲ್ಲಿ ಕುಂಯ್ ಎಂದಿತು. ಒಸಡಿಗೆ ಒಂದೇ ಒಂದು ಹನಿ ಗ್ಲೂಕೋಸ್ ನೀರು ಸವರಿದರು. ಸ್ವಲ್ಪ ಹೊತ್ತಿಗೆ ಅದರ ನಾಲಿಗೆ ಹೊರಬಂತು. ವೀಳ್ಯದೆಲೆಯ ಚಿಗುರಿನಷ್ಟು ತೆಳ್ಳಗಿನ ಗುಲಾಬಿ ನಾಲಿಗೆ, ಎರಡೂ ಅಂಚು ಮೇಲಕ್ಕೆ ಮಡಚಿಕೊಂಡು, ಇಲ್ಲದ ಮೊಲೆಯನ್ನು ಹುಡುಕುವಂತೆ ಆಡುತ್ತಿತ್ತು. ಚೀಪುವ ಬಯಕೆ ಬಂದಿದೆ, ಇನ್ನು ತಾಯಿಗೆ ಹಚ್ಚಿ ಎಂದರು ವೈದ್ಯೆ. ಹುಟ್ಟಿದ 24 ಗಂಟೆಗಳೊಳಗೆ ತಾಯಿಯ ಗಿಣ್ಣದ ಹಾಲು ಹೊಟ್ಟೆಗೆ ಹೋದರೆ ಮಾತ್ರ ರೋಗದ ವಿರುದ್ಧದ ರಕ್ಷಣೆ ಸಿಗುತ್ತದೆ, ಹೊತ್ತು ಹೋದಷ್ಟೂ ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಕಡಿಮೆಯಾಗುತ್ತದೆ. ಆದ್ದರಿಂದ ಆ ಮಧ್ಯಾಹ್ನ ನಮ್ಮ ಓಟವೆಲ್ಲ ಮನೆಯ ಕಡೆಗೆ. ಬಲವಾದ ಐದು ಮರಿಗಳನ್ನು ಬುಟ್ಟಿಯಲ್ಲಿ ಕೌದಿ ಹಾಸಿ ಬೆಚ್ಚಗೆ ಇಟ್ಟು, ಕೆಂಪಿಯ ಹಿಂಗಾಲಿನ ಬಳಿಯ ತುಂಬಿದ ಮೊಲೆಗೆ ಸಣ್ಣದರ ಬಾಯಿ ಹಚ್ಚಿ, ಇಪ್ಪತ್ತು ನಿಮಿಷ ಕೈ ಆಸರೆ ಕೊಟ್ಟು ಹಿಡಿದಿದ್ದೆ. ಎರಡು ಮುಂಗಾಲುಗಳಿಂದ ಅದು ಮೊಲೆಯ ಸುತ್ತ ಒತ್ತಿದಾಗ ನನ್ನ ಕಣ್ಣು ತುಂಬಿ ಬಂತು.

ಇಲ್ಲಿ ಸಾಮಾನುಗಳ ವಿಷಯ ಹೇಳಬೇಕು, ಏಕೆಂದರೆ ಅನಿರೀಕ್ಷಿತ ತೊಂದರೆಗಳು ಬಂದದ್ದು ಅಲ್ಲೇ. ಮರಿಗಳಿದ್ದ ಜಾಗದಲ್ಲಿ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕೆಂದರು. ಶ್ರಾವಣದ ಧಾರವಾಡದಲ್ಲಿ ಹಗಲಿನಲ್ಲೂ ಅಷ್ಟು ಶಾಖವಿರುವುದಿಲ್ಲ. 60 ವ್ಯಾಟಿನ ಹಳೆಯ ತಂತಿಯ ಬಲ್ಬು ಸಾಕು ಎಂದುಕೊಂಡು ಅಂಗಡಿಗೆ ಹೋದರೆ ಎಲ್ಲ ಕಡೆಯೂ ಎಲ್‌ಇಡಿ ಬಲ್ಬುಗಳೇ. ಅವು ಬೆಳಕು ಕೊಡುತ್ತವೆ, ಕಾವು ಕೊಡುವುದಿಲ್ಲ. ಸುಭಾಷ ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿದ ಮೇಲೆ, ಕೋಳಿಮರಿ ಸಾಕುವವರು ಅಂಥ ಬಲ್ಬು ಇಟ್ಟಿರುತ್ತಾರೆಂದು ಒಬ್ಬರು ಹೇಳಿದರು. ಕೆಲಗೇರಿಯ ಕಡೆ ಕೋಳಿ ಸಾಕಿದ್ದ ನಮ್ಮ ಮನೆಯವರ ಪರಿಚಯದವರೊಬ್ಬರು ಎರಡು ಬಲ್ಬು ಕೊಟ್ಟು ಹಣ ತೆಗೆದುಕೊಳ್ಳಲಿಲ್ಲ. ಬಲ್ಬನ್ನು ರಟ್ಟಿನ ಪೆಟ್ಟಿಗೆಯ ಒಂದೇ ಮೂಲೆಯ ಮೇಲೆ, ಮೊಳದಷ್ಟು ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಬೇಕು, ಇನ್ನೊಂದು ಬದಿ ತಂಪಾಗಿಯೇ ಇರಬೇಕು. ಮರಿಗಳು ಒಂದರ ಮೇಲೊಂದು ಗುಡ್ಡೆ ಹಾಕಿಕೊಂಡರೆ ಚಳಿ, ಮೂಲೆಗೊಂದರಂತೆ ಚದುರಿ ಮಲಗಿದರೆ ಸೆಕೆ ಎಂದು ತಿಳಿಯಬೇಕು.

ನಾಯಿಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ನಾವು ವಿಚಾರಿಸಿದ ಅಂಗಡಿಗಳಲ್ಲಿ ಆ ದಿನ ಇರಲಿಲ್ಲ. ನಮ್ಮ ಮನೆಯವರು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಎರಡು ಅಂಗಡಿಗಳ ಬಾಗಿಲು ಹಾಕಿರುವುದನ್ನು ನೋಡಿ, ಮೂರನೆಯದರಲ್ಲಿ ಒಂದು ಡಬ್ಬಿ ಪಡೆದು ಸಂಜೆಗೆ ಮರಳಿದರು. ಆಕಳ ಹಾಲು ಯಾಕೆ ಆಗುವುದಿಲ್ಲ ಎಂದು ನಾನೂ ಕೇಳಿದ್ದೆ. ನಾಯಿಯ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಎರಡೂ ಆಕಳ ಹಾಲಿನ ಸುಮಾರು ಎರಡರಷ್ಟಿರುತ್ತವೆ, ಲ್ಯಾಕ್ಟೋಸ್ ಎಂಬ ಸಕ್ಕರೆ ಅಂಶ ಕಡಿಮೆಯಿರುತ್ತದೆ. ಆಕಳ ಹಾಲು ಕುಡಿದ ಮರಿಗೆ ಹೊಟ್ಟೆ ತುಂಬಿದರೂ ಬಲ ಬರುವುದಿಲ್ಲ, ಮೇಲೆ ಭೇದಿ ಹತ್ತುತ್ತದೆ, ಅಷ್ಟು ಸಣ್ಣ ಜೀವಕ್ಕೆ ಭೇದಿಯೆಂದರೆ ಕೆಲವೇ ಗಂಟೆಗಳ ಮಾತು. ನಾನು ಹಾಕಿದ ಹನಿಗಳು ಹೊರಗೇ ಹರಿದದ್ದು ನಮ್ಮ ಪುಣ್ಯ.

ಮೊದಲ ಹತ್ತು ದಿನ ಹಗಲು ರಾತ್ರಿಯೆನ್ನದೆ ಎರಡು ಗಂಟೆಗೊಮ್ಮೆ ಹಾಲು. ತಾಯಿಯ ಬಳಿ ಕುಡಿದಷ್ಟು ಕುಡಿಸಿ, ಮೇಲೆ 3 ಮಿಲಿಲೀಟರ್, ಎರಡು ದಿನಗಳ ನಂತರ 5. ನೂರು ಗ್ರಾಂ ತೂಕದ ಮರಿಯ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಸುಮಾರು 4 ಮಿಲಿಲೀಟರ್ ಮಾತ್ರ. ಪ್ರೀತಿಯಿಂದ ಹೆಚ್ಚು ಹಾಕಿದರೆ ಅದು ಕೇಡಾಗುತ್ತದೆ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ಇಟ್ಟು, ಮರಿ ಚೀಪಿದಂತೆ ಹನಿ ಬಿಡಬೇಕು, ನಾವೇ ಒತ್ತಬಾರದು. ಮರಿ ಹೊಟ್ಟೆ ಕೆಳಗೆ ಮಾಡಿ, ತಾಯಿಯ ಬಳಿ ಹೇಗಿರುತ್ತದೆಯೋ ಹಾಗೆ ಇರಬೇಕು. ಒಂಬತ್ತನೆಯ ದಿನ ನನ್ನ ಮಗ ಅದನ್ನು ಮನುಷ್ಯರ ಕೂಸಿನಂತೆ ಅಂಗಾತ ಹಿಡಿದು ಕುಡಿಸಿದ. ಮೂಗಿನ ಎರಡೂ ಹೊಳ್ಳೆಗಳಿಂದ ಹಾಲಿನ ಗುಳ್ಳೆ ಬಂತು. ತಲೆ ಕೆಳಗೆ ಮಾಡಿ ಒರೆಸಿ ಮತ್ತೆ ಚಿಕಿತ್ಸಾಲಯಕ್ಕೆ ಓಡಿದೆವು. ಎದೆಯ ಸದ್ದು ಸ್ವಚ್ಛವಾಗಿತ್ತು. ಹುಡುಗ ಎರಡು ದಿನ ಮರಿಯನ್ನು ಮುಟ್ಟಲಿಲ್ಲ. ಅವನಿಗೆ ಮೊದಲೇ ತೋರಿಸಿಕೊಡದಿದ್ದ ತಪ್ಪು ನನ್ನದು.

ಮೂರು ವಾರದವರೆಗೆ ಮರಿಗಳಿಗೆ ತಾವಾಗಿಯೇ ಮೂತ್ರ ಮಲ ವಿಸರ್ಜಿಸಲು ಬರುವುದಿಲ್ಲ, ತಾಯಿ ನೆಕ್ಕಿದರೇ ಆಗುವುದು. ಕೆಂಪಿ ನೆಕ್ಕಿದ್ದು ಕಾಣದಿದ್ದಾಗ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಪ್ರತಿ ಸಲದ ಹಾಲಿನ ನಂತರ ಮೆಲ್ಲಗೆ ಒರೆಸುತ್ತಿದ್ದೆ.

ನಾಲ್ಕನೆಯ ದಿನ ಇನ್ನೊಂದು ಪ್ರಕರಣ. ಮರಿಗಳನ್ನು ಬುಟ್ಟಿಗೆ ಎತ್ತುವಾಗ ಕೆಂಪಿ ನಮ್ಮ ಮನೆಯವರ ಬೆರಳಿಗೆ ಬಾಯಿ ಹಾಕಿತು. ರಕ್ತ ಬರಲಿಲ್ಲ, ಚರ್ಮ ತರಚಿತ್ತು ಅಷ್ಟೆ. ನಾವೇ ಅನ್ನ ಹಾಕಿದ ನಾಯಿ, ಏನಾಗುತ್ತದೆ ಎಂದು ಅವರು ಸುಮ್ಮನಿರಲು ಹೊರಟಿದ್ದರು. ಆದರೆ ಕೆಂಪಿಗೆ ಲಸಿಕೆ ಆದ ಕಾಗದವೇನೂ ನಮ್ಮ ಬಳಿ ಇರಲಿಲ್ಲ, ಕಿವಿಯ ತುದಿ ಕತ್ತರಿಸಿದ ಗುರುತೂ ಇರಲಿಲ್ಲ. ಸಂತಾನಹರಣವಾಗಿ ರೇಬೀಸ್ ಲಸಿಕೆಯೂ ಆದ ಬೀದಿನಾಯಿಗಳಿಗೆ ಆ ಗುರುತು ಮಾಡಿರುತ್ತಾರೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೆಸರು ಬರೆಸಿ ಚೀಟಿ ಮಾಡಿಸಿ, ಸರದಿಯಲ್ಲಿ ಎರಡು ಗಂಟೆ ಕುಳಿತು ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡರು. ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ, ಹೀಗೆ ನಾಲ್ಕು ಸಲ ಹೋಗಬೇಕು. ಆ ಚೀಟಿಯನ್ನು ಕಳೆಯದೆ ಇಟ್ಟುಕೊಳ್ಳಿ, ಪ್ರತಿ ಸಲವೂ ಕೇಳುತ್ತಾರೆ. ಬಾಣಂತಿ ನಾಯಿಯ ಮರಿ ಎತ್ತುವ ಮೊದಲು ಅದಕ್ಕೆ ಊಟವಿಟ್ಟು, ಒಬ್ಬರು ತಲೆ ನೇವರಿಸುತ್ತಿರುವಾಗ ಇನ್ನೊಬ್ಬರು ಎತ್ತುವುದು ಒಳ್ಳೆಯದೆಂದು ಆಮೇಲೆ ಕಲಿತೆವು.

ಇನ್ನು ಬರೆಯಲು ಕಷ್ಟವಾಗುವ ಭಾಗ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಸಣ್ಣ ಮರಿಯನ್ನು ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ತೂಗಿ, ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. 168, ಮರುದಿನ 161, ಅದರ ಮರುದಿನ 160, ನಾಲ್ಕನೆಯ ದಿನ 166. ಮೊದಲ ದಿನ ಸ್ವಲ್ಪ ಇಳಿಯುವುದು ಸಹಜ, ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯಬಾರದು, ಆಮೇಲೆ ದಿನಕ್ಕೆ ನೂರಕ್ಕೆ ಐದರಿಂದ ಹತ್ತರಷ್ಟು ಏರಬೇಕು. 166 ಕಂಡ ದಿನ ನಾವು ಉಳಿದಿದ್ದ ಶೇಂಗಾ ಉಂಡಿ ತಿಂದು ಸಂತೋಷಪಟ್ಟೆವು. ಆದರೆ ಪ್ರತಿದಿನ ತೂಗಿದ್ದು ಅದೊಂದನ್ನೇ. ಉಳಿದ ಐದು ದುಂಡಗಿವೆ, ಅವುಗಳಿಗೇನು ಎಂದುಕೊಂಡಿದ್ದೆವು. ಆರನೆಯ ದಿನ ಸಂಜೆ ಕಪ್ಪು ಗಂಡುಮರಿ ಗುಂಪಿನಿಂದ ಬೇರೆಯಾಗಿ ಮಲಗಿತ್ತು. ಕುಂಯ್‌ಗುಡುತ್ತಿರಲಿಲ್ಲ, ಅದಕ್ಕೇ ನಾವು ಗಮನಿಸಲಿಲ್ಲ. ಅದೇ ರಾತ್ರಿ ಕರೆಂಟ್ ಹೋಗಿ ಮೂರು ಗಂಟೆ ಬರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ನೀರು ಕಾಯಿಸಿ, ಬಾಟಲಿಗಳಿಗೆ ತುಂಬಿ, ಕೌದಿಯ ಮಡಿಕೆಗಳಲ್ಲಿ ಇಡುವಾಗ ನನ್ನ ಕೈ ಅದಕ್ಕೆ ತಾಗಿತು. ಮೊದಲ ದಿನ ಅಂಗೈಯಲ್ಲಿ ಅನುಭವಿಸಿದ ಅದೇ ತಣ್ಣನೆ. ಕಲಿತದ್ದನ್ನೆಲ್ಲ ಮಾಡಿದೆವು, ಎದೆಗೆ ಒತ್ತಿ ಹಿಡಿದುಕೊಂಡು ಕುಳಿತೆ. ಬೆಳಗಾಗುವ ಹೊತ್ತಿಗೆ ಅದು ಉಸಿರು ನಿಲ್ಲಿಸಿತು. ತೂಗಿ ನೋಡಿದಾಗ 270 ಗ್ರಾಂ; ಮೊದಲ ದಿನ ಅದು ಸುಮಾರು 310 ಇತ್ತು. ಆ ಇಳಿತ ಒಂದು ದಿನದ್ದಲ್ಲ, ನೋಡುವವರಿದ್ದರೆ ಎರಡು ದಿನ ಮೊದಲೇ ಕಾಣುತ್ತಿತ್ತು. ಸೋಂಕಿರಬಹುದು, ಒಳಗಿನ ಊನವಿರಬಹುದು, ಎಳೆಯ ಮರಿಗಳಲ್ಲಿ ಹೀಗಾಗುವುದುಂಟು, ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ ಎಂದು ವೈದ್ಯೆ ಹೇಳಿದರು. ಪಾರಿಜಾತದ ಬುಡದಲ್ಲಿ ಹೂಳಿದೆವು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಐದು ಸಾಲು ಎಳೆದು ಐದನ್ನೂ ತೂಗಿದೆ, ಗುರುತಿಗೆ ಕೊರಳಿಗೆ ಬೇರೆ ಬೇರೆ ಬಣ್ಣದ ಉಣ್ಣೆಯ ನೂಲನ್ನು ಸಡಿಲವಾಗಿ ಕಟ್ಟಿ, ಬೆಳೆದಂತೆ ಎರಡು ದಿನಕ್ಕೊಮ್ಮೆ ಬದಲಿಸಿದೆ. ಓದುತ್ತಿರುವವರು ದಯವಿಟ್ಟು ಮೊದಲ ದಿನದಿಂದಲೇ ಎಲ್ಲ ಮರಿಗಳನ್ನೂ ತೂಗಿರಿ. ಅಳುವ ಮರಿಯ ಬಗ್ಗೆ ಚಿಂತೆ ಸರಿ. ಸದ್ದಿಲ್ಲದೆ ಬೇರೆ ಮಲಗಿದ ಮರಿಯನ್ನು ಕೂಡಲೇ ಮುಟ್ಟಿ ನೋಡಿ.

ಹತ್ತನೆಯ ದಿನದ ನಂತರ ಹಾದಿ ಸುಗಮವಾಯಿತು. ದೊಡ್ಡ ಮರಿಗಳು ಹತ್ತು ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟಾದವು, ಸಣ್ಣದು 18ನೆಯ ದಿನ 340 ಗ್ರಾಂ ಮುಟ್ಟಿತು. ಅವುಗಳ ಕಣ್ಣು 12ನೆಯ ದಿನ ತೆರೆದರೆ ಇದರದ್ದು 15ನೆಯ ದಿನ, ಮೊದಲು ಎಡಗಣ್ಣು. ತಾನಾಗಿ ತೆರೆಯುವವರೆಗೆ ಕಣ್ಣನ್ನು ಬಿಡಿಸಲು ಹೋಗಬಾರದು. ಎರಡು ವಾರಕ್ಕೆ ಮೊದಲ ಜಂತುಹುಳದ ಔಷಧಿ, ಆಮೇಲೆ ಎರಡು ವಾರಕ್ಕೊಮ್ಮೆ. ದುಂಡುಹುಳ ತಾಯಿಯ ಗರ್ಭದಲ್ಲೇ ಮರಿಗೆ ಬಂದಿರುತ್ತದೆ, ಹಾಲಿನಲ್ಲೂ ಬರುತ್ತದೆ. ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿದೆ, ಅಂದಾಜಿನಿಂದ ಹಾಕಿದ್ದರೆ ಸಣ್ಣದಕ್ಕೆ ಎರಡು ಪಟ್ಟು ಬೀಳುತ್ತಿತ್ತು. ನಾಲ್ಕನೆಯ ವಾರದಿಂದ ಬೇಯಿಸಿ ಕಿವುಚಿದ ಅನ್ನ, ಕೋಳಿಮಾಂಸ ಮತ್ತು ಅದೇ ಪುಡಿಯ ಹಾಲನ್ನು ಗಂಜಿಯಂತೆ ಕಲಸಿ ತಟ್ಟೆಯಲ್ಲಿ ಇಟ್ಟೆವು. ಇಷ್ಟೂ ದಿನ ಕೆಂಪಿಗೆ ಮೊದಲಿನ ಎರಡು ಮೂರು ಪಟ್ಟು ಊಟ, ಸದಾ ತುಂಬಿದ ನೀರಿನ ಬೋಗುಣಿ. ತಾಯಿಯ ಹೊಟ್ಟೆ ತುಂಬದಿದ್ದರೆ ಸಿರಿಂಜಿನ ಹಾಲಿಗೆ ಕೊನೆಯಿರುವುದಿಲ್ಲ.

ಖರ್ಚಿನ ವಿವರವೂ ಬೇಕಾದೀತು. ಹಾಲಿನ ಪುಡಿಗೆ ಸುಮಾರು 2,000 ರೂಪಾಯಿ, ಮೂರು ಸಲದ ತಪಾಸಣೆಗೆ 900, ಥರ್ಮಾಮೀಟರ್, ಸಿರಿಂಜ್, ಹತ್ತಿ, ಬಿಸಿನೀರಿನ ಚೀಲ ಸೇರಿ 700, ಆಟೋಗೆ ಮತ್ತು ಹುಬ್ಬಳ್ಳಿಯ ಓಡಾಟಕ್ಕೆ 600, ಜಂತುಹುಳದ ಔಷಧಿ ಮತ್ತು ಐದು ಮರಿಗಳ ಮೊದಲ ಲಸಿಕೆಗೆ 2,800. ಒಟ್ಟು 7,000 ರೂಪಾಯಿ. ನಾನು ಶಾಲೆಗೆ ಹಾಕಿದ ಆರು ದಿನದ ರಜೆ ಬೇರೆ. ಆಮೇಲೆ ಹಗಲಿನ ಪಾಳಿಯನ್ನು ನಮ್ಮ ಅತ್ತೆಯವರು ವಹಿಸಿಕೊಳ್ಳದಿದ್ದರೆ ಇದಾವುದೂ ಸಾಧ್ಯವಾಗುತ್ತಿರಲಿಲ್ಲ. ಮಡಿಯಲ್ಲಿ ನಾಯಿಯನ್ನು ಹೊಸ್ತಿಲು ದಾಟಲು ಬಿಡದ ಅವರು, ಹನ್ನೊಂದನೆಯ ದಿನ ತಾವಾಗಿಯೇ ಬಂದು ಸಿರಿಂಜ್ ಕೇಳಿ ಪಡೆದರು.

ನಿನ್ನೆ ಲಸಿಕೆಗೆ ಹೋದಾಗ ಸಣ್ಣ ಮರಿ 2 ಕಿಲೋ 150 ಗ್ರಾಂ ತೂಗಿತು. ಅಕ್ಕತಮ್ಮಂದಿರಿಗಿಂತ ಇನ್ನೂ ಮುಕ್ಕಾಲು ಕಿಲೋ ಕಡಿಮೆ. ಪಾರ್ವೋ ಮುಂತಾದ ರೋಗಗಳ ಲಸಿಕೆ ಇನ್ನೂ ಎರಡು ಸಲ ಆಗಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಅವು ಮುಗಿಯುವವರೆಗೆ ಓಣಿಗೆ ಬಿಡಬಾರದು. ಪ್ರತಿ ಮರಿಗೂ ಬೇರೆ ಬೇರೆ ಕಾರ್ಡ್ ಮಾಡಿಸಿದ್ದೇವೆ, ಸಾಕಲು ಒಯ್ಯುವವರಿಗೆ ಕಾರ್ಡಿನೊಂದಿಗೇ ಕೊಡುತ್ತೇವೆ. ಎರಡು ಮರಿಗಳಿಗೆ ಮನೆ ಸಿಕ್ಕಿದೆ, ಎರಡಕ್ಕೆ ಹುಡುಕುತ್ತಿದ್ದೇವೆ. ಕೆಂಪಿಯ ಹಾಲು ಬತ್ತಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳ ದಿನಾಂಕ ಕೊಟ್ಟಿದ್ದಾರೆ. ಸಣ್ಣದರ ಕಾರ್ಡಿನಲ್ಲಿ ಹೆಸರಿನ ಜಾಗ ಖಾಲಿಯಿತ್ತು. ವೈದ್ಯೆ ಪೆನ್ನು ಹಿಡಿದು ಕೇಳಿದಾಗ ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಅತ್ತೆಯವರು, "ಪಂಚಮಿ ಅಂತ ಬರೀರಿ. ಮಾಲಕರ ಹೆಸರಿನ್ಯಾಗ ನನ್ನ ಹೆಸರು ಹಾಕ್ರಿ" ಎಂದರು.